ಹುಡುಕೋದನ್ನು ಕಲಿಸಿದ ಮೇಷ್ಟ್ರು: ಎಸ್. ಆರ್. ರಂಗನಾಥನ್

ನಮ್ಮಲ್ಲಿ ಬಹಳ ಜನ ಲೈಬ್ರರಿ ಕೌಂಟರ್ ಮುಂದೆ ನಿಲ್ಲೋದು ಎರಡೇ ಸಲ. ಮೊದಲನೇ ಸೆಮಿಸ್ಟರ್‌ನಲ್ಲಿ ಕಾರ್ಡ್ ಮಾಡಿಸೋಕೆ, ಎಂಟನೇ ಸೆಮಿಸ್ಟರ್‌ನಲ್ಲಿ ನೋ ಡ್ಯೂಸ್ ಸಹಿ ಹಾಕಿಸೋಕೆ. ನಡುವಿನ ಮೂರೂವರೆ ವರ್ಷ ಸೀನಿಯರ್ಸ್ ಕೊಟ್ಟ ಪಿಡಿಎಫ್, ಜೆರಾಕ್ಸ್ ಅಂಗಡಿಯ ನೋಟ್ಸ್, ಯೂಟ್ಯೂಬ್ ಇಷ್ಟರಲ್ಲೇ ಕಳೆದುಹೋಗುತ್ತೆ. ಕೊನೇ ವರ್ಷ ಪ್ರಾಜೆಕ್ಟಿಗೆ ಲಿಟರೇಚರ್ ಸರ್ವೆ ಮಾಡಿ ಅಂತ ಗೈಡ್ ಹೇಳಿದಾಗ ಮಾತ್ರ ತಲೆಬಿಸಿ ಶುರು. ಎಲ್ಲಿ ಹುಡುಕಬೇಕು, ಏನಂತ ಹುಡುಕಬೇಕು, ಸಿಕ್ಕಿದ್ದರಲ್ಲಿ ಯಾವುದನ್ನು ನಂಬಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ನಮಗೆ ಯಾರೂ ಕಲಿಸಿರಲ್ಲ. ಒಂದನೇ ಕ್ಲಾಸಿನಿಂದ ಇಲ್ಲಿವರೆಗೆ ಕಲಿಸಿದ್ದೆಲ್ಲ ಉತ್ತರಗಳೇ. ಉತ್ತರ ಹುಡುಕೋ ದಾರಿ ಸಿಲಬಸ್‌ನಲ್ಲಿ ಇರಲೇ ಇಲ್ಲ.

ಈ ಕೊರತೆಯನ್ನು ಸುಮಾರು ನೂರು ವರ್ಷದ ಹಿಂದೆಯೇ ಗುರುತಿಸಿ, ಉಳಿದ ಆಯುಷ್ಯವನ್ನೆಲ್ಲ ಅದರ ಹಿಂದೆಯೇ ಸವೆಸಿದ ಒಬ್ಬ ಗಣಿತದ ಮೇಷ್ಟ್ರು ಇದ್ದರು. ಅವರೇ ಶಿಯಾಳಿ ರಾಮಾಮೃತ ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಎಲ್ಲರೂ ಕರೀತಾರೆ. ಪ್ರತಿ ವರ್ಷ ಆಗಸ್ಟ್ 12ರಂದು ರಾಷ್ಟ್ರೀಯ ಗ್ರಂಥಪಾಲಕರ ದಿನ ಆಚರಿಸೋದು ಇವರ ನೆನಪಿನಲ್ಲೇ. ಆವತ್ತು ನಮ್ಮ ಲೈಬ್ರರಿಗಳಲ್ಲಿ ಒಂದು ಫೋಟೋಗೆ ಹಾರ ಹಾಕಿರ್ತಾರಲ್ಲ, ಆ ಫೋಟೋದಲ್ಲಿರೋರು ಇವರೇ. ಇವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಮೇಷ್ಟ್ರ ಕೆಲಸ ಶುರು ಮಾಡಿದ್ದು ನಮ್ಮ ಮಂಗಳೂರಿನಲ್ಲಿ.

ತೊದಲುತ್ತಿದ್ದ ಹುಡುಗ ಮೇಷ್ಟ್ರಾದದ್ದು

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಇವತ್ತಿನ ಹೆಸರು ಸೀರ್ಕಾಳಿ. ಕಾವೇರಿ ಬಯಲಿನ ಭತ್ತದ ಊರು. ತಂದೆ ರಾಮಾಮೃತ ಅಯ್ಯರ್ ಜಮೀನು ಇದ್ದವರು, ರಾಮಾಯಣ ಪ್ರವಚನ ಮಾಡ್ತಿದ್ದವರು. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಅವರು ತೀರಿಕೊಂಡರು. ತಾತ ಶಾಲಾ ಮೇಷ್ಟ್ರು, ಅವರ ನೆರಳಿನಲ್ಲಿ ಓದು ಮುಂದುವರೀತು. ಮಾತಾಡುವಾಗ ನಾಲಿಗೆ ತಡವರಿಸುತ್ತಿತ್ತು. ಅಂಥ ಹುಡುಗ ಮುಂದೆ ಆರಿಸಿಕೊಂಡದ್ದು ದಿನವಿಡೀ ಮಾತಾಡಬೇಕಾದ ಕೆಲಸವನ್ನೇ. ಛಲ ಹಿಡಿದು ತೊದಲನ್ನು ಹತೋಟಿಗೆ ತಂದುಕೊಂಡರು.

ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಬಿಎ, 1916ರಲ್ಲಿ ಎಂಎ. ಅಲ್ಲಿ ಎಡ್ವರ್ಡ್ ರಾಸ್ ಅನ್ನೋ ಪ್ರೊಫೆಸರ್ ಇವರನ್ನು ತಿದ್ದಿದರು. ಗುರು ಶಿಷ್ಯರ ನಂಟು ಕೊನೆವರೆಗೂ ಉಳೀತು. ಅಧ್ಯಾಪಕ ತರಬೇತಿ ಮುಗಿಸಿ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಕಲಿಸೋಕೆ ಬಂದರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ವರ್ಗಾವಣೆಗಳೆಲ್ಲ ಆ ಪ್ರಾಂತ್ಯದೊಳಗೇ. ಮಂಗಳೂರು ಆದ ಮೇಲೆ ಕೊಯಮತ್ತೂರು, ಅಲ್ಲಿಂದ 1921ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು.

ಆ ಕಾಲದ ಕ್ಲಾಸ್‌ರೂಮ್ ಹೇಗಿತ್ತು ಅಂತ ಊಹಿಸೋದು ನಮಗೆ ಕಷ್ಟವೇನಲ್ಲ. ಮೇಷ್ಟ್ರು ಡಿಕ್ಟೇಟ್ ಮಾಡೋದು, ಹುಡುಗರು ಬರೆದುಕೊಳ್ಳೋದು, ಪರೀಕ್ಷೆಯಲ್ಲಿ ಅದನ್ನೇ ವಾಪಸ್ ಬರೆಯೋದು. ರಂಗನಾಥನ್‌ಗೆ ಇದು ಒಗ್ಗಲಿಲ್ಲ. ಹುಡುಗರೇ ಮೊದಲು ಲೈಬ್ರರಿಗೆ ಹೋಗಿ ಓದಿಕೊಂಡು ಬರಲಿ, ಆಮೇಲೆ ಕ್ಲಾಸಿನಲ್ಲಿ ಚರ್ಚೆ ಆಗಲಿ ಅನ್ನೋ ಕಡೆಗೆ ಅವರ ಪಾಠ ವಾಲಿತು. ಈಗ ಇದನ್ನೇ ಫ್ಲಿಪ್ಡ್ ಕ್ಲಾಸ್‌ರೂಮ್ ಅಂತ ದೊಡ್ಡ ಹೆಸರಿಟ್ಟು ವರ್ಕ್‌ಶಾಪ್ ಮಾಡ್ತಾರೆ. ಒಟ್ಟಿನಲ್ಲಿ ಅವರಿಗೆ ಪಾಠ ಮಾಡೋದಂದ್ರೆ ಪ್ರಾಣ. ಅದನ್ನು ಬಿಡೋ ಯೋಚನೆ ಕನಸಿನಲ್ಲೂ ಇರಲಿಲ್ಲ.

ಬೇಡದ ಕುರ್ಚಿ

1923ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತನ್ನ ಲೈಬ್ರರಿಗೆ ಒಬ್ಬ ಪೂರ್ಣಾವಧಿ ಲೈಬ್ರೇರಿಯನ್ ಬೇಕು ಅಂತ ಜಾಹೀರಾತು ಕೊಟ್ಟಿತು. ನೂರಾರು ಅರ್ಜಿ ಬಂದವು. ಅಷ್ಟರಲ್ಲಿ ಲೈಬ್ರರಿ ಕೆಲಸದ ತರಬೇತಿ ಇದ್ದವರು ಯಾರೂ ಇರಲಿಲ್ಲ. ಸಂಶೋಧನೆಯ ಅನುಭವ ಇದ್ದವರಿಗೆ ಆದ್ಯತೆ ಇತ್ತು, ಸಂಬಳ ಮೇಷ್ಟ್ರ ಕೆಲಸಕ್ಕಿಂತ ಚೆನ್ನಾಗಿತ್ತು. ಸ್ನೇಹಿತರ ಒತ್ತಾಯಕ್ಕೆ ರಂಗನಾಥನ್ ಕೂಡ ಒಂದು ಅರ್ಜಿ ಹಾಕಿದರು.

ಇಂಟರ್ವ್ಯೂಗೆ ಕರೆ ಬಂತು. ಲೈಬ್ರರಿ ನಡೆಸೋದು ಅಂದ್ರೆ ಏನು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಆಗ ಅವರು ಮಾಡಿದ್ದಿಷ್ಟು: ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ತೆಗೆದು ಅದರಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನವನ್ನು ಓದಿದರು. ಗೊತ್ತಿಲ್ಲದ ವಿಷಯ ಎದುರಾದಾಗ ಎಲ್ಲಿ ನೋಡಬೇಕು ಅಂತ ಅವರಿಗೆ ಗೊತ್ತಿತ್ತು. ಇಂಟರ್ವ್ಯೂಗೆ ಅಷ್ಟೇ ತಯಾರಿ. ಕೆಲಸ ಸಿಕ್ಕಿತು.

1924ರ ಜನವರಿಯಲ್ಲಿ ಕುರ್ಚಿ ಮೇಲೆ ಕೂತರು, ಕೂತ ಕೆಲವೇ ದಿನಕ್ಕೆ ಉಸಿರುಗಟ್ಟಿತು. ಕ್ಲಾಸಿನ ಗಲಾಟೆಗೆ ಒಗ್ಗಿದ್ದ ಮನುಷ್ಯನಿಗೆ ಆ ಮೌನ ಸಹಿಸೋಕಾಗಲಿಲ್ಲ. ಓದುಗರು ಬರೋದೇ ಅಪರೂಪ. ಪುಸ್ತಕಗಳು ಬೀಗದೊಳಗೆ, ಜನ ಹೊರಗೆ. ಪ್ರೆಸಿಡೆನ್ಸಿ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹೋಗಿ ಹಳೇ ಕೆಲಸ ವಾಪಸ್ ಕೊಡಿಸಿ ಅಂತ ಕೇಳಿಕೊಂಡರು. ಕೊನೆಗೆ ಒಂದು ಒಪ್ಪಂದ ಆಯಿತು. ಹೇಗೂ ತರಬೇತಿಗೆ ಇಂಗ್ಲೆಂಡಿಗೆ ಕಳಿಸ್ತಾ ಇದಾರೆ, ಹೋಗಿ ಬರಲಿ. ಬಂದ ಮೇಲೂ ಬೇಡ ಅನ್ನಿಸಿದರೆ ಗಣಿತದ ಹುದ್ದೆ ಕಾದಿರುತ್ತೆ.

ಲಂಡನ್‌ನ ಆಟಿಕೆ ಅಂಗಡಿ

ಅದೇ ವರ್ಷ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲಕರ ಶಾಲೆಗೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಗುರು ಡಬ್ಲ್ಯೂ. ಸಿ. ಬರ್ವಿಕ್ ಸೇಯರ್ಸ್. ಕ್ರಾಯ್ಡನ್ ಊರಿನ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥ, ಪುಸ್ತಕಗಳ ವರ್ಗೀಕರಣ ಕಲಿಸ್ತಿದ್ದವರು, ಮಕ್ಕಳ ಗ್ರಂಥಾಲಯಗಳ ಬಗ್ಗೆಯೂ ಬರೆದವರು. ರಂಗನಾಥನ್ ಕ್ರಾಯ್ಡನ್‌ನಲ್ಲಿ ನಿಂತು ಕೆಲಸ ಕಲಿತರು. ಇಂಗ್ಲೆಂಡಿನ ಲೈಬ್ರರಿಗಳನ್ನು ಒಂದೊಂದಾಗಿ ನೋಡ್ತಾ ಹೋದರು. ನೂರಕ್ಕೂ ಹೆಚ್ಚು ಲೈಬ್ರರಿ ನೋಡಿದ್ದರಂತೆ.

ಅಲ್ಲಿ ಅವರ ಕಣ್ಣು ತೆರೆಸಿದ್ದು ಕಟ್ಟಡಗಳಲ್ಲ, ಒಳಗಿದ್ದ ಜನ. ಕಾರ್ಖಾನೆ ಕೆಲಸ ಮುಗಿಸಿ ಬಂದವರು, ಗೃಹಿಣಿಯರು, ಶಾಲೆ ಬಿಟ್ಟು ಸೀದಾ ಬಂದ ಮಕ್ಕಳು. ಎಲ್ಲರೂ ಶೆಲ್ಫಿನ ಹತ್ತಿರ ತಾವೇ ಹೋಗಿ ಪುಸ್ತಕ ತೆಗೀತಿದ್ದರು. ಬೀಗ ಇಲ್ಲ. ಅನುಮಾನದಿಂದ ನೋಡೋರಿಲ್ಲ. ಮದ್ರಾಸಿನಲ್ಲಿ ತಾನು ಬಿಟ್ಟು ಬಂದದ್ದು ಒಂದು ಗೋದಾಮು, ಇದು ಬೇರೆ ಥರದ ಕ್ಲಾಸ್‌ರೂಮ್ ಅನ್ನೋದು ಅವರಿಗೆ ಹೊಳೀತು. ಮೇಷ್ಟ್ರ ಕೆಲಸ ಬಿಡಬೇಕಾಗಿಯೇ ಇಲ್ಲ, ಕ್ಲಾಸು ದೊಡ್ಡದಾಗಿದೆ ಅಷ್ಟೇ.

ಇನ್ನೊಂದು ವಿಷಯ ಗಣಿತದ ತಲೆಗೆ ಚುಚ್ಚುತ್ತಲೇ ಇತ್ತು. ಪುಸ್ತಕ ಜೋಡಿಸೋಕೆ ಆಗ ಹೆಚ್ಚು ಬಳಕೆಯಲ್ಲಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. ಜ್ಞಾನವನ್ನೆಲ್ಲ ಮೊದಲೇ ಗೂಡುಗಳಾಗಿ ಮಾಡಿಟ್ಟು, ಒಂದೊಂದಕ್ಕೂ ಒಂದು ನಂಬರ್ ಕೊಟ್ಟ ವ್ಯವಸ್ಥೆ. ಹೊಸ ವಿಷಯ ಹುಟ್ಟಿದರೆ? ಎರಡು ಮೂರು ವಿಷಯ ಬೆರೆತ ಪುಸ್ತಕ ಬಂದರೆ? ಇರೋ ಗೂಡಿನಲ್ಲೇ ಹೇಗೋ ತುರುಕಬೇಕು.

ಒಂದು ದಿನ ಲಂಡನ್ನಿನ ಸೆಲ್ಫ್ರಿಜಸ್ ಅನ್ನೋ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ಸೆಟ್ ಕಂಡರು. ಮೆಕ್ಯಾನಿಕಲ್‌ನವರಿಗೆ ಗೊತ್ತಿರುತ್ತೆ: ತೂತುಗಳಿರೋ ಲೋಹದ ಪಟ್ಟಿಗಳು, ಚಕ್ರ, ನಟ್ಟು, ಬೋಲ್ಟು. ಅದೇ ನಾಲ್ಕು ಸಾಮಾನನ್ನು ಬೇರೆ ಬೇರೆ ಥರ ಜೋಡಿಸಿದರೆ ಒಮ್ಮೆ ಕ್ರೇನು, ಒಮ್ಮೆ ಗಾಡಿ, ಒಮ್ಮೆ ಸೇತುವೆ. ಅವರಿಗೆ ಬೇಕಾಗಿದ್ದದ್ದು ಸಿಕ್ಕಿಬಿಟ್ಟಿತು. ಪುಸ್ತಕದ ವಿಷಯಕ್ಕೆ ಸಿದ್ಧ ಗೂಡು ಯಾಕೆ ಬೇಕು? ವಿಷಯದ ಬಿಡಿಭಾಗಗಳನ್ನು ಪಟ್ಟಿ ಮಾಡಿಟ್ಟುಕೊಂಡು, ಪುಸ್ತಕ ಬಂದಾಗ ಬೇಕಾದ್ದನ್ನು ನಟ್ಟು ಬೋಲ್ಟು ಹಾಕಿ ಜೋಡಿಸಿದರಾಯಿತಲ್ಲ! ಜೋಡಿಸೋಕೆ ಅವರು ಬಳಸಿದ ಬೋಲ್ಟು ಕೋಲನ್ ಚಿಹ್ನೆ, ಅಂದ್ರೆ ಎರಡು ಚುಕ್ಕಿ. ಅದರಿಂದಲೇ ಈ ಪದ್ಧತಿಗೆ ಕೋಲನ್ ವರ್ಗೀಕರಣ ಅಂತ ಹೆಸರು. 1925ರಲ್ಲಿ ಊರಿಗೆ ಮರಳುವಾಗ ಹಡಗಿನಲ್ಲಿದ್ದ ಪುಸ್ತಕಗಳ ಮೇಲೇ ಅದನ್ನು ಪ್ರಯೋಗ ಮಾಡುತ್ತಾ ಬಂದರು. ಪುಸ್ತಕವಾಗಿ ಅದು ಹೊರಬಂದದ್ದು 1933ರಲ್ಲಿ. ಗಣಿತದ ಹುದ್ದೆ ವಾಪಸ್ ಕೇಳೋ ಮಾತು ಮತ್ತೆ ಬರಲಿಲ್ಲ.

ಐದು ಅಂಶದ ಲೆಕ್ಕ

ಮುಂದೆ ಅವರು ಈ ಯೋಚನೆಯನ್ನು ಇನ್ನೂ ಸಾಣೆ ಹಿಡಿದು, ಯಾವ ವಿಷಯವನ್ನೇ ಆದರೂ ಐದು ಮೂಲ ಅಂಶಗಳಾಗಿ ಬಿಡಿಸಬಹುದು ಅಂತ ತೋರಿಸಿದರು: ಪರ್ಸನಾಲಿಟಿ, ಮ್ಯಾಟರ್, ಎನರ್ಜಿ, ಸ್ಪೇಸ್, ಟೈಮ್. ಹೆಸರು ಕೇಳಿ ಫಿಸಿಕ್ಸ್ ಕ್ಲಾಸ್ ಅನ್ಕೋಬೇಡಿ. ಒಂದು ಉದಾಹರಣೆ ನೋಡಿ, ಸಿವಿಲ್‌ನವರ ಪ್ರಾಜೆಕ್ಟ್ ಅಂದುಕೊಳ್ಳಿ. ಕರಾವಳಿ ಕರ್ನಾಟಕದ ಸೇತುವೆಗಳಲ್ಲಿ ಕಾಂಕ್ರೀಟ್ ಒಳಗಿನ ಉಕ್ಕು ತುಕ್ಕು ಹಿಡಿಯೋದು, 2000ನೇ ಇಸವಿಯಿಂದೀಚೆಗೆ. ಇಲ್ಲಿ ಮುಖ್ಯ ವಸ್ತು ಸೇತುವೆ, ಅದು ಪರ್ಸನಾಲಿಟಿ. ಉಕ್ಕು ಮತ್ತು ಕಾಂಕ್ರೀಟ್ ಮ್ಯಾಟರ್. ತುಕ್ಕು ಹಿಡಿಯೋ ಕ್ರಿಯೆ ಎನರ್ಜಿ. ಕರಾವಳಿ ಸ್ಪೇಸ್. 2000ದಿಂದೀಚೆಗೆ ಅನ್ನೋದು ಟೈಮ್.

ಇಷ್ಟು ಬಿಡಿಸಿ ಒಂದು ಹಾಳೆಯಲ್ಲಿ ಬರೆದುಕೊಂಡರೆ ಹುಡುಕಾಟದ ಅರ್ಧ ಕೆಲಸ ಮುಗಿದ ಹಾಗೆ. ಸರ್ಚ್ ಬಾಕ್ಸಿನಲ್ಲಿ ಇಡೀ ವಾಕ್ಯ ತುರುಕಿ, ಏನೂ ಸಿಗಲಿಲ್ಲ ಸಾರ್ ಅನ್ನೋ ಬದಲು ಒಂದೊಂದೇ ಅಂಶ ಬದಲಿಸಿ ನೋಡಬಹುದು. ಕರ್ನಾಟಕದ ಬಗ್ಗೆ ಪೇಪರ್ ಸಿಗದಿದ್ದರೆ ಸ್ಪೇಸ್ ಬದಲಿಸಿ ಕೇರಳ ಅಥವಾ ಗೋವಾ ಹಾಕಿ, ಸಮುದ್ರದ ಉಪ್ಪುಗಾಳಿ ಅಲ್ಲೂ ಅದೇ ತಾನೇ. ಸೇತುವೆ ಬಗ್ಗೆ ಸಿಗದಿದ್ದರೆ ಪರ್ಸನಾಲಿಟಿ ಬದಲಿಸಿ ಬಂದರಿನ ಧಕ್ಕೆ ಹುಡುಕಿ. ಮೊಬೈಲ್ ಕೊಳ್ಳುವಾಗ ಶಾಪಿಂಗ್ ಸೈಟಿನ ಎಡಗಡೆ ಬ್ರ್ಯಾಂಡ್, ಬೆಲೆ, ರ‍್ಯಾಮ್ ಅಂತ ಟಿಕ್ ಮಾಡ್ತೀವಲ್ಲ, ಅದರ ಹಿಂದಿರೋದೂ ಇದೇ ತತ್ವ. ಆ ಥರದ ಹುಡುಕಾಟವನ್ನು ಫ್ಯಾಸೆಟೆಡ್ ಸರ್ಚ್ ಅಂತಾರೆ. ಫ್ಯಾಸೆಟ್ ಅನ್ನೋ ಪದವನ್ನು ಈ ಅರ್ಥದಲ್ಲಿ ಗ್ರಂಥಾಲಯ ವಿಜ್ಞಾನದಲ್ಲಿ ನೆಲೆಗೊಳಿಸಿದ್ದು ರಂಗನಾಥನ್.

ಮೇಷ್ಟ್ರುಗಳಿಗೇ ಪಾಠ

ಮದ್ರಾಸಿಗೆ ಮರಳಿದವರೇ ಬೀಗ ತೆಗೆಸೋ ಕೆಲಸಕ್ಕೆ ಕೈ ಹಾಕಿದರು. ಓದುಗರು ಶೆಲ್ಫಿನವರೆಗೆ ಹೋಗೋ ಹಾಗಾಯಿತು. ಲೈಬ್ರರಿ ತೆರೆದಿರೋ ಸಮಯ ಹೆಚ್ಚಾಯಿತು. ಓದುಗರ ಪಕ್ಕ ನಿಂತು ಹುಡುಕೋಕೆ ಸಹಾಯ ಮಾಡೋಕೆ ಅಂತಲೇ ಸಿಬ್ಬಂದಿ ಬಂದರು. 1928ರಲ್ಲಿ ಮದ್ರಾಸ್ ಲೈಬ್ರರಿ ಅಸೋಸಿಯೇಷನ್ ಹುಟ್ಟಿತು, ಮರುವರ್ಷ ಅದರ ತರಬೇತಿ ಶಿಬಿರ ಶುರುವಾಯಿತು.

1928 ಅವರ ಬದುಕಿನ ಕಷ್ಟದ ವರ್ಷವೂ ಹೌದು. ಹೆಂಡತಿ ರುಕ್ಮಿಣಿ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ, ಲೈಬ್ರರಿಯ ನೂರಾರು ನಿಯಮಗಳ ಹಿಂದೆ ಇರಬಹುದಾದ ಮೂಲ ಸೂತ್ರಗಳಿಗಾಗಿ ಅವರು ತಡಕಾಡ್ತಿದ್ದರು. ನ್ಯೂಟನ್ನನ ನಿಯಮಗಳಂತೆ ನಾಲ್ಕೈದು ಸಾಲಿನಲ್ಲಿ ಎಲ್ಲ ಹಿಡಿಯಬೇಕು ಅನ್ನೋ ಹಂಬಲ. ದಾರಿ ಕಾಣದೆ ಒದ್ದಾಡ್ತಿದ್ದಾಗ ಮೊದಲ ಸೂತ್ರದ ಸುಳಿವು ಕೊಟ್ಟದ್ದು ಹಳೇ ಗಣಿತ ಗುರು ರಾಸ್. ಪುಸ್ತಕ ಇರೋದು ಕಾಯೋಕಲ್ಲ, ಬಳಸೋಕೆ ಅನ್ನೋದು ಅದರ ಸಾರ. ಉಳಿದ ನಾಲ್ಕು ಅದರ ಹಿಂದೆಯೇ ಬಂದವು. ಓದೋ ಪ್ರತಿಯೊಬ್ಬರಿಗೂ ಅವರಿಗೆ ಬೇಕಾದ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದನ್ನು ಓದೋರು ಸಿಗಬೇಕು. ಓದುಗರ ಸಮಯ ಹಾಳಾಗಬಾರದು. ಲೈಬ್ರರಿ ಅನ್ನೋದು ಬೆಳೀತಾ ಬದಲಾಗೋ ಜೀವಿ. ನೋಡೋಕೆ ಎಷ್ಟು ಸರಳ! ಆದರೆ ಬೀಗ ಹಾಕಿದ ಒಂದು ಬೀರುವಿನ ಮುಂದೆ ನಿಂತು ಇವನ್ನು ಒಂದೊಂದಾಗಿ ಪರೀಕ್ಷೆ ಮಾಡಿ ನೋಡಿ, ಐದಕ್ಕೆ ಐದೂ ಫೇಲ್.

ಈ ಸೂತ್ರಗಳನ್ನು ಅವರು ಮೊದಲು ಹೇಳಿದ್ದು ಗ್ರಂಥಪಾಲಕರ ಸಭೆಯಲ್ಲಲ್ಲ. 1928ರ ಡಿಸೆಂಬರ್‌ನಲ್ಲಿ ಚಿದಂಬರಂ ಪಕ್ಕದ ಅಣ್ಣಾಮಲೈನಗರದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ, ಶಾಲಾ ಮೇಷ್ಟ್ರುಗಳ ಮುಂದೆ. ಪುಸ್ತಕ ಬಂದದ್ದು 1931ರಲ್ಲಿ. ಲೈಬ್ರರಿ ಬಳಸೋ ಅಭ್ಯಾಸ ಕಾಲೇಜಿಗೆ ಬಂದ ಮೇಲೆ ಹುಟ್ಟೋದು ಕಷ್ಟ, ಅದು ಶಾಲೆಯಲ್ಲೇ ಬೇರು ಬಿಡಬೇಕು. ಅದಕ್ಕೆ ಮೊದಲು ಒಪ್ಪಬೇಕಾದವರು ಮೇಷ್ಟ್ರುಗಳು.

1931ರಲ್ಲೇ ಇನ್ನೊಂದು ಕೆಲಸ ಆಯಿತು, ಎಂಜಿನಿಯರುಗಳಾದ ನಾವು ಖುಷಿಪಡುವಂಥದ್ದು. ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೈ ಅನ್ನೋ ಎಂಜಿನಿಯರ್ ಎತ್ತಿನ ಗಾಡಿಯ ಮೇಲೆ ಒಂದು ಲೈಬ್ರರಿ ಕಟ್ಟಿದರು. ಉದ್ಘಾಟನೆಗೆ ರಂಗನಾಥನ್ ಬಂದರು. ಪುಸ್ತಕ ತುಂಬಿದ ಗಾಡಿ ಹಳ್ಳಿಯಿಂದ ಹಳ್ಳಿಗೆ ಹೊರಟಿತು. ಓದೋರು ಲೈಬ್ರರಿಗೆ ಬರಲಾಗದಿದ್ದರೆ ಲೈಬ್ರರಿಯೇ ಅವರ ಬಳಿ ಹೋಗಬೇಕು, ಅಷ್ಟೇ ಲೆಕ್ಕ.

ಶಾಲೆಯ ಲೈಬ್ರರಿ ಹೇಗಿರಬೇಕು?

1942ರಲ್ಲಿ ಅವರು ಶಾಲಾ ಕಾಲೇಜುಗಳ ಗ್ರಂಥಾಲಯಗಳ ಬಗ್ಗೆಯೇ ಪ್ರತ್ಯೇಕ ಪುಸ್ತಕ ಬರೆದರು. ಅವರ ವಾದದ ಬುಡ ಇದು: ಒಂದೇ ಪಠ್ಯಪುಸ್ತಕ, ಒಂದೇ ಉತ್ತರ, ಎಲ್ಲ ಮಕ್ಕಳಿಗೂ ಒಂದೇ ವೇಗ ಅನ್ನೋದು ಕಲಿಕೆಯೇ ಅಲ್ಲ. ಪ್ರತಿ ಮಗುವಿನ ಕುತೂಹಲ ಬೇರೆ, ವೇಗ ಬೇರೆ. ಇದನ್ನು ನಿಭಾಯಿಸೋಕೆ ನಲವತ್ತು ಮಕ್ಕಳ ಮುಂದೆ ನಿಂತ ಒಬ್ಬ ಮೇಷ್ಟ್ರಿಂದ ಆಗಲ್ಲ, ಲೈಬ್ರರಿ ಬೇಕೇ ಬೇಕು. ಹಾಗಾಗಿ ಶಾಲೆಯ ಲೈಬ್ರರಿ ಮೂಲೆಯ ಕೋಣೆಯಲ್ಲ, ಪಾಠ ನಡೆಯೋ ಜಾಗ.

ಇದನ್ನು ನಮ್ಮ ಊರಿನ ಒಂದು ಪ್ರಶ್ನೆ ಇಟ್ಟುಕೊಂಡು ನೋಡೋಣ. ಏಳನೇ ಕ್ಲಾಸಿನ ಹುಡುಗಿಗೆ ಊರಿನ ಕೆರೆ ಯಾಕೆ ಬತ್ತಿತು ಅಂತ ತಿಳ್ಕೋಬೇಕಾಗಿದೆ. ಪಠ್ಯಪುಸ್ತಕದಲ್ಲಿ ಆ ಕೆರೆಯ ಹೆಸರೇ ಇಲ್ಲ. ಮೊದಲು ಪ್ರಶ್ನೆಯನ್ನು ಒಡೆಯಬೇಕು: ಮಳೆ ಕಡಿಮೆಯಾಯಿತಾ, ನೀರು ಬರೋ ಕಾಲುವೆ ಮುಚ್ಚಿತಾ, ಹೂಳು ತುಂಬಿತಾ, ಸುತ್ತ ಬೋರ್‌ವೆಲ್ ಹೆಚ್ಚಾದವಾ? ಆಮೇಲೆ ಯಾವುದಕ್ಕೆ ಯಾವ ಪುಸ್ತಕ ಅಂತ ಗೊತ್ತಿರಬೇಕು. ಜಿಲ್ಲೆಯ ಮಳೆ ಲೆಕ್ಕಕ್ಕೆ ಗೆಜೆಟಿಯರ್, ಜಾಗಕ್ಕೆ ನಕಾಶೆ, ಅರ್ಥವಾಗದ ಪದಕ್ಕೆ ನಿಘಂಟು. ದಪ್ಪ ಪುಸ್ತಕ ಕೈಗೆ ಬಂದರೆ ಮೊದಲ ಪುಟದಿಂದ ಓದ್ತಾ ಕೂರದೆ ಪರಿವಿಡಿ, ಹಿಂದಿನ ಪದಸೂಚಿ ನೋಡಿ ಬೇಕಾದ ಪುಟಕ್ಕೆ ಹೋಗಬೇಕು. ಎರಡು ಪುಸ್ತಕ ಎರಡು ಥರ ಹೇಳಿದರೆ ಯಾರು, ಯಾವಾಗ, ಯಾವ ಆಧಾರದಿಂದ ಬರೆದರು ಅಂತ ವಿಚಾರಿಸಬೇಕು. ಊರಿನ ಹಿರಿಯರನ್ನು ಕೇಳಿ ಹೋಲಿಸಿ ನೋಡಬೇಕು. ಕೊನೆಗೆ ತನ್ನದೇ ಮಾತಿನಲ್ಲಿ ಬರೆದು, ಯಾವುದನ್ನು ಎಲ್ಲಿಂದ ತೆಗೆದುಕೊಂಡೆ ಅಂತ ಕಾಣಿಸಬೇಕು.

ಇದಿಷ್ಟಕ್ಕೆ ಈಗ ಮಾಹಿತಿ ಸಾಕ್ಷರತೆ ಅಂತ ಹೆಸರಿದೆ. ಇಂಗ್ಲಿಷಿನಲ್ಲಿ ಆ ಹೆಸರನ್ನು ಮೊದಲು ಬಳಸಿದ್ದು ಅಮೆರಿಕದ ಪಾಲ್ ಜುರ್ಕೋವ್ಸ್ಕಿ, 1974ರಲ್ಲಿ. ಅಷ್ಟೊತ್ತಿಗೆ ರಂಗನಾಥನ್ ತೀರಿಕೊಂಡು ಎರಡು ವರ್ಷ ಆಗಿತ್ತು. ಹೆಸರು ಹುಟ್ಟೋಕೆ ಮೊದಲೇ ಅವರು ಕೆಲಸ ಶುರು ಮಾಡಿದ್ದರು.

ಹಾಗಂತ ಮಕ್ಕಳನ್ನು ಪುಸ್ತಕದ ರಾಶಿಯಲ್ಲಿ ಬಿಟ್ಟು ಈಜು ಕಲಿ ಅನ್ನೋರಲ್ಲ ಅವರು. 1940ರಲ್ಲಿ ಬಂದ ರೆಫರೆನ್ಸ್ ಸೇವೆಯ ಬಗೆಗಿನ ಅವರ ಪುಸ್ತಕದಲ್ಲಿ ಇದಕ್ಕೆ ಹಂತಗಳೇ ಇವೆ. ಮೊದಲನೆಯದು ಹೊಸಬರಿಗೆ ದೀಕ್ಷೆ. ಫ್ರೆಷರ್ಸ್ ಬಂದಾಗ ಶೆಲ್ಫುಗಳ ಜೋಡಣೆ, ಕ್ಯಾಟಲಾಗ್ ನೋಡೋ ರೀತಿ ಎಲ್ಲ ಕೈ ಹಿಡಿದು ತೋರಿಸೋದು. ಆಮೇಲೆ ಎರಡು ಥರದ ಪ್ರಶ್ನೆಗಳು. ತಾಮ್ರ ಎಷ್ಟು ಡಿಗ್ರಿಗೆ ಕರಗುತ್ತೆ ಅಂದರೆ ಹ್ಯಾಂಡ್‌ಬುಕ್ ತೆಗೆದು ನಿಮಿಷದಲ್ಲಿ 1085 ಡಿಗ್ರಿ ಸೆಲ್ಸಿಯಸ್ ಅಂತ ಹೇಳಬಹುದು, ಅದು ತಕ್ಷಣದ ಸೇವೆ. ಉಪ್ಪುನೀರಿನ ಪಂಪಿಗೆ ಯಾವ ಮಿಶ್ರಲೋಹ ಒಳ್ಳೇದು ಅಂದರೆ ದಿನಗಟ್ಟಲೆ ಹುಡುಕಬೇಕು, ಅದು ದೀರ್ಘ ಸೇವೆ. ಇಂಥ ಪ್ರಶ್ನೆ ಬಂದಾಗ ಲೈಬ್ರೇರಿಯನ್ ಓದುಗನ ಜೊತೆಗೆ ಕೂತು ಹುಡುಕಬೇಕು, ಹಾಗೆ ಹುಡುಕುತ್ತಾ ಓದುಗನೂ ಕಲೀತಾನೆ. ನಮ್ಮ ಇಂಡಕ್ಷನ್ ಪ್ರೋಗ್ರಾಂನಲ್ಲಿ ಲೈಬ್ರರಿಯನ್ನು ಐದು ನಿಮಿಷ ಸುತ್ತಿಸಿ ಕಳಿಸ್ತಾರಲ್ಲ, ಅದು ಮೂಲದಲ್ಲಿ ಏನಾಗಬೇಕಿತ್ತು ಅಂತ ಈಗ ಗೊತ್ತಾಯಿತು.

ಬೆಂಗಳೂರಿನ ವರ್ಷಗಳು

1945ರಲ್ಲಿ ಮದ್ರಾಸ್ ಬಿಟ್ಟು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. 1947ರಿಂದ ದೆಹಲಿ ವಿಶ್ವವಿದ್ಯಾಲಯ. 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ಇವರ ಹಲವು ವರ್ಷಗಳ ಓಡಾಟ ಇದೆ. ಸ್ವತಂತ್ರ ಭಾರತದಲ್ಲಿ ಇಂಥ ಕಾಯ್ದೆ ಅದೇ ಮೊದಲು. ನಡುವೆ ಒಂದೆರಡು ವರ್ಷ ಜ್ಯೂರಿಕ್‌ನಲ್ಲಿ ಇದ್ದು ಬಂದು, ಬೆಂಗಳೂರಿನಲ್ಲಿ ನೆಲೆಸಿದರು. 1957ರಲ್ಲಿ ಪದ್ಮಶ್ರೀ ಬಂತು, 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಗೌರವ. ಸರಳವಾಗಿ ಬದುಕಿ ಉಳಿಸಿದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಕೊಟ್ಟುಬಿಟ್ಟರು. ಆ ಕಾಲದ ಒಂದು ಲಕ್ಷ! ಪೀಠಕ್ಕೆ ತಮ್ಮ ಹೆಸರಿನ ಜೊತೆ ಎರಡನೇ ಹೆಂಡತಿ ಶಾರದಾ ಅವರ ಹೆಸರೂ ಇತ್ತು.

1962ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಶುರು ಮಾಡಿದರು, ಅಂದರೆ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ. ಮೊದಲು ಅದು ಮಲ್ಲೇಶ್ವರಂನಲ್ಲಿತ್ತು. ಈಗ ಮೈಸೂರು ರಸ್ತೆಯ ಐಎಸ್‌ಐ ಕ್ಯಾಂಪಸ್‌ನಲ್ಲಿದೆ. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್‌ಗಳ ಊರು ಆಗ ಬೆಂಗಳೂರು. ಕಾರ್ಖಾನೆ, ಪ್ರಯೋಗಾಲಯಗಳ ಎಂಜಿನಿಯರುಗಳಿಗೆ ದೊಡ್ಡ ಪುಸ್ತಕಗಳಿಗಿಂತ ಹೆಚ್ಚಾಗಿ ಜರ್ನಲ್ ಲೇಖನ, ಪೇಟೆಂಟ್, ವರದಿಗಳು ಬೇಕಿದ್ದವು. ಬೇರೆ ಯಾರೋ ಆಗಲೇ ಬಿಡಿಸಿದ ಸಮಸ್ಯೆಯನ್ನು ಗೊತ್ತಿಲ್ಲದೆ ಮತ್ತೆ ಮೊದಲಿಂದ ಬಿಡಿಸೋದು ಎಷ್ಟು ದುಬಾರಿ! ಆ ಸೂಕ್ಷ್ಮ ಹುಡುಕಾಟಕ್ಕೆ ಜನರನ್ನು ತಯಾರು ಮಾಡೋದು ಈ ಕೇಂದ್ರದ ಕೆಲಸ. ಇಲ್ಲೂ ಅವರದು ಹಳೇ ಚಾಳಿಯೇ, ಉಪನ್ಯಾಸಕ್ಕಿಂತ ಚರ್ಚೆ ಹೆಚ್ಚು.

1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲೂ ಅವರ ಯೋಚನೆಯ ಗುರುತಿದೆ. ಆಸ್ತಿ ತೆರಿಗೆ ಕಟ್ಟುವಾಗ ಗ್ರಂಥಾಲಯ ಕರ ಅಂತ ಒಂದಿಷ್ಟು ಸೇರಿರುತ್ತಲ್ಲ, ಅದು ಈ ಕಾಯ್ದೆಯದ್ದೇ. ಅಂದರೆ ನಮ್ಮ ಬಡಾವಣೆಯ ಲೈಬ್ರರಿಗೆ ನಮ್ಮ ಮನೆಯವರು ಈಗಾಗಲೇ ದುಡ್ಡು ಕೊಟ್ಟಾಗಿದೆ.

ಈ ನಡುವೆ ಅವರು ಗಣಿತವನ್ನೂ ಮರೆತಿರಲಿಲ್ಲ. 1967ರಲ್ಲಿ ಶ್ರೀನಿವಾಸ ರಾಮಾನುಜನ್ ಬಗ್ಗೆ ಒಂದು ಪುಸ್ತಕ ಬರೆದರು. ರಾಮಾನುಜನ್‌ರನ್ನು ಕಂಡವರ ನೆನಪುಗಳನ್ನೆಲ್ಲ ಹುಡುಕಿ ಸೇರಿಸಿದ ಪುಸ್ತಕ ಅದು. ಅಲ್ಲೂ ಹುಡುಕಾಟವೇ.

1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಇನ್ನೊಂದು ಪುಸ್ತಕ ಹೊರಬಂತು. ಅದರ ವಿಷಯ ಕೋಲನ್ ವರ್ಗೀಕರಣ ಅಲ್ಲ, ಐದು ಸೂತ್ರಗಳೂ ಅಲ್ಲ. ಹೊಸ ಶಿಕ್ಷಣ ಮತ್ತು ಶಾಲಾ ಗ್ರಂಥಾಲಯ. ಅರ್ಧ ಶತಮಾನದ ಅನುಭವ ಅನ್ನೋ ಮಾತು ಅದರ ಹೆಸರಿನಲ್ಲೇ ಇದೆ. ಮಂಗಳೂರು, ಮದ್ರಾಸಿನ ಕ್ಲಾಸ್‌ರೂಮುಗಳಲ್ಲಿ ಹುಡುಗರನ್ನು ಲೈಬ್ರರಿಗೆ ಅಟ್ಟುತ್ತಿದ್ದ ಮೇಷ್ಟ್ರು ಕೊನೆವರೆಗೂ ಅದೇ ವಿಷಯ ಹಿಡಿದುಕೊಂಡಿದ್ದರು.

ಅವರ ಕೋಲನ್ ಪದ್ಧತಿಯನ್ನು ಇಂದು ಬಳಸೋ ಲೈಬ್ರರಿಗಳು ಕಡಿಮೆ, ನಮ್ಮ ಕಾಲೇಜುಗಳ ಶೆಲ್ಫಿನ ಮೇಲೂ ಹೆಚ್ಚಾಗಿ ಕಾಣೋದು ಡ್ಯೂಯಿ ನಂಬರುಗಳೇ. ಆದರೆ ಅದಕ್ಕಿಂತ ಬೇಸರದ ಸಂಗತಿ ಬೇರೆ. ನಾವು ಓದಿ ಬಂದ ಎಷ್ಟೋ ಶಾಲೆಗಳಲ್ಲಿ ಲೈಬ್ರರಿ ಅಂದರೆ ಹೆಡ್‌ಮಾಸ್ಟರ್ ರೂಮಿನ ಒಂದು ಬೀರು, ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಟೈಮ್‌ಟೇಬಲಿನಲ್ಲಿ ಲೈಬ್ರರಿ ಪಿರಿಯಡ್ ಇದ್ದರೆ ಅದರಲ್ಲಿ ಗಣಿತದವರು ಪೋರ್ಷನ್ ಮುಗಿಸ್ತಾರೆ. ಹಾಗಾಗಿ ಫೋನಿಗೆ ಬಂದ ಫಾರ್ವರ್ಡ್ ನಿಜವಾ ಸುಳ್ಳಾ ಅಂತ ನೋಡೋ ಅಭ್ಯಾಸ, ಒಂದು ಅಂಕಿ ಕಂಡರೆ ಅದು ಎಲ್ಲಿಂದ ಬಂತು ಅಂತ ಕೇಳೋ ಅಭ್ಯಾಸ ನಮಗೆ ಅಲ್ಲಿ ಬರಲೇ ಇಲ್ಲ. ಎಐ ಚಾಟ್‌ಬಾಟ್ ಕೊಟ್ಟ ರೆಫರೆನ್ಸ್ ಪಟ್ಟಿಯಲ್ಲಿ ಇಲ್ಲದ ಪೇಪರುಗಳೂ ಇರ್ತವೆ ಅನ್ನೋದು ವೈವಾದಲ್ಲಿ ಸಿಕ್ಕಿಬಿದ್ದಾಗ ಗೊತ್ತಾದರೆ ಏನು ಬಂತು?

ಹೀಗಾಗಿ ಈ ಸೆಮಿಸ್ಟರ್ ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ನಿಮ್ಮ ಸೆಮಿನಾರ್ ವಿಷಯವನ್ನು ಐದು ಅಂಶವಾಗಿ ಒಂದು ಹಾಳೆಯಲ್ಲಿ ಬರೆದುಕೊಂಡು ಲೈಬ್ರೇರಿಯನ್ ಹತ್ತಿರ ಹೋಗಿ, ಇದಕ್ಕೆ ಎಲ್ಲಿ ಹುಡುಕಬೇಕು ಮೇಡಂ ಅಂತ ಕೇಳಿ. ಎಂಟು ಸೆಮಿಸ್ಟರಿನಲ್ಲಿ ಬರೀ ಸಹಿ ಕೇಳೋರನ್ನೇ ನೋಡಿ ಬೇಸತ್ತವರು ಅವರು. ಇನ್ನು ಊರಿಗೆ ಹೋದಾಗ ಪುರುಸೊತ್ತಿದ್ದರೆ ನೀವು ಓದಿದ ಶಾಲೆಗೊಮ್ಮೆ ಹೋಗಿ. ಆ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ವಿಚಾರಿಸಿ, ತೆಗೆಸಿ, ಪುಸ್ತಕಗಳ ಧೂಳು ಒರೆಸಿ, ಏಳನೇ ಕ್ಲಾಸಿನ ನಾಲ್ಕು ಮಕ್ಕಳಿಗೆ ಪರಿವಿಡಿ ನೋಡೋದು ಹೇಗೆ ಅಂತ ತೋರಿಸಿ ಬನ್ನಿ.